ಸಾಲಿನ ಕಡೆಯ ಕೊಡ

ಭೀಮಶಿ ಸಾಲು ದಾಟಿ ಹೋಗಿ ಹನುಮವ್ವನ ಹಿತ್ತಾಳೆ ಕೊಡವನ್ನು ನಲ್ಲಿಯ ಕೆಳಗೆ ಇಟ್ಟದ್ದೇ ತಡ, ಅವಳ ಮಗಳು ದ್ರಾಕ್ಷಾಯಿಣಿ ಅದನ್ನು ಎತ್ತಿ ಸೊಂಟಕ್ಕೆ ಇರಿಸಿಕೊಂಡಳು.

“ಯಾಕವಾ? ನೀರು ಈಗರ ಬಂದಾವು,” ಎಂದ ಭೀಮಶಿ. ಹನುಮವ್ವನ ಜೊತೆ ಇಪ್ಪತ್ತು ವರ್ಷ ಬಂದರಿನಲ್ಲಿ ಅದಿರು ಹೊತ್ತವನು. ರಾತ್ರಿ ಅವಳು ತೀರಿಕೊಂಡಾಗಿನಿಂದ ಅತ್ತು ಕಣ್ಣು ಕೆಂಪಾಗಿದ್ದವು.

“ಸಾಲಿನ್ಯಾಗ ಇಡತೀನಿ, ಕಾಕಾ.”

“ಹುಚ್ಚಿ ಅದೀಯೇನು? ನಿಮ್ಮವ್ವನ ಮೈ ತೊಳಿಯೂ ನೀರಿಗೆ ಸಾಲು ಯಾತರದು? ಈ ನಳಾ ತಂದಾಕಿನ ಆಕಿ.”

“ಅದಕ್ಕ ಇಡತೀನಿ.”

ಬಂದರಿನ ಮೇಲಿನ ಸಡಾ ಎಂಬ ಈ ಗುಡ್ಡಕ್ಕೆ ದಿನಕ್ಕೆ ಒಂದೇ ತಾಸು ನೀರು. ಹೆಣದ ಮೈ ತೊಳೆಯಲು ಮನೆಯಲ್ಲಿ ತುಂಬಿಟ್ಟ ನೀರು ಆಗದು, ಹೊಸ ನೀರೇ ಬೇಕು. ಮಧ್ಯಾಹ್ನದೊಳಗೆ ಮಣ್ಣಾಗಬೇಕು. ಸರದಿ ಬರುವ ಮೊದಲೇ ನೀರು ನಿಂತರೆ ಟ್ಯಾಂಕರಿನವನ ಕೈಕಾಲು ಹಿಡಿಯಬೇಕು. ಅವ್ವ ಜೀವಮಾನದಲ್ಲಿ ಯಾರ ಕೈಕಾಲೂ ಹಿಡಿದವಳಲ್ಲ. ಇಷ್ಟೆಲ್ಲ ಗೊತ್ತಿದ್ದೂ ದ್ರಾಕ್ಷಾಯಿಣಿ ನಲವತ್ತು ಕೊಡ ದಾಟಿ ನಡೆದು ಸಾಲಿನ ಕೊನೆಯಲ್ಲಿ ಅವ್ವನ ಕೊಡವಿಟ್ಟಳು.

*

ಹದಿನಾರು ವರ್ಷದ ಹಿಂದೆ ಇಲ್ಲಿ ನಲ್ಲಿ ಇರಲಿಲ್ಲ. ಘಟ್ಟ ಇಳಿದು ಬಂದ ‘ಘಾಂಟಿ’ಗಳಿಗೆ ನೀರಿಲ್ಲವೆಂದು ಕೆಳಗಿನ ಓಣಿಯವರು ಬಾವಿಗೆ ಬೀಗ ಹಾಕಿದ್ದರು. ಹನುಮವ್ವ ಬೆನ್ನುನೋವಿಗೆ ಬಂದರಿನ ಕೆಲಸ ಬಿಟ್ಟಿದ್ದಳು. ಬೇರೆಯವಳಾಗಿದ್ದರೆ ಮನೆಯಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಇವಳೋ, ಖಾಲಿ ಕೊಡ ಹೊತ್ತ ಮೂವತ್ತು ಹೆಂಗಸರನ್ನು ಕಟ್ಟಿಕೊಂಡು ನೀರು ಸರಬರಾಜು ಕಚೇರಿಯ ಮೆಟ್ಟಿಲ ಮೇಲೆ ಹನ್ನೊಂದು ದಿನ ಕೂತಳು. ಸಾಹೇಬ ಕೊಂಕಣಿಯಲ್ಲಿ ಬೈದರೆ ಕೊಂಕಣಿಯಲ್ಲೇ ಉತ್ತರ ಕೊಟ್ಟಳು. ಪೊಲೀಸರು ಎತ್ತಿ ಜೀಪಿಗೆ ಹಾಕಿದರೆ ಕೊಡ ಸಮೇತ ಹತ್ತಿದಳು. ಕೊಡದ ಹೊಟ್ಟೆಯ ನೆಗ್ಗು ಅಂದಿನದೇ.

ನಲ್ಲಿ ಬಂತು. ಬಂದ ದಿನವೇ ಜೊತೆಗೆ ಬಂದ ಮೇಲುಜಾತಿಯವರೇ ತಮ್ಮ ಬುದ್ಧಿ ತೋರಿಸಿದರು. ಊರಲ್ಲೇ ಬಿಟ್ಟುಬರಬೇಕಿದ್ದ ಮೈಲಿಗೆಯನ್ನು ಗಂಟು ಕಟ್ಟಿಕೊಂಡೇ ಘಟ್ಟ ಇಳಿದಿದ್ದರು. ಹನುಮವ್ವನ ಕೊಡ ತಾಗಿತೆಂದು ಕಿರಾಣಿ ಅಂಗಡಿಯ ಸಾವಂತ್ರೆವ್ವ ತುಂಬಿದ ಕೊಡ ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

“ನಿಮ್ಮ ಕೇರಿ ಮಂದಿ ಬ್ಯಾರೆ ಸಾಲು ಮಾಡ್ರಿ. ಮೊದಲ ನಾವು ತುಂಬ್ತೀವಿ.”

ಹನುಮವ್ವ ಜಗಳಕ್ಕೆ ಹೋಗಲಿಲ್ಲ. ಕೊಡ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು.

“ಸಾಲು ಒಂದ, ಸಾವಂತ್ರೆವ್ವಾ. ಮೊದಲ ಬಂದಾಕಿ ಮೊದಲ ತುಂಬ್ತಾಳ. ನಳಾ ತಂದಾಕಿ ನಾನ ಕಡೀಕ ನಿಂತೀನಿ. ನನಗಿಂತ ದೊಡ್ಡಾಕಿ ಯಾರರ ಇದ್ರ ಸಾಲು ಮುರೀರಿ, ನೋಡೂಣು.”

ಯಾರೂ ಮುರಿಯಲಿಲ್ಲ. ಅಂದಿನಿಂದ ಮದುವೆಗೂ ಬಾಣಂತನಕ್ಕೂ ಅಲ್ಲಿ ಒಂದೇ ಸಾಲು. ಹನುಮವ್ವ ಮಾತ್ರ ಸಾಯುವ ತನಕ ಸಾಲಿನ ಕೊನೆಯಲ್ಲೇ ನಿಂತಳು. ನಿಂತಲ್ಲೇ ಜನರ ಕಷ್ಟ ಕೇಳುತ್ತಿದ್ದಳು. ಯಾರದೋ ರೇಷನ್ ಕಾರ್ಡು, ಯಾರದೋ ಮಗುವಿನ ಶಾಲೆ, ಠಾಣೆಯಲ್ಲಿ ಕೂಡಿಹಾಕಿದ ಯಾರದೋ ಗಂಡ. ನೀರು ಮನೆಗಿಟ್ಟು, ಚಹಾ ಕೂಡ ಕುಡಿಯದೆ, ಅವರ ಜೊತೆ ಹೊರಡುತ್ತಿದ್ದಳು.

ಸಾವಂತ್ರೆವ್ವನೂ ಸಾಲಿಗೆ ಬಂದಳು. ಆದರೆ ತನ್ನ ಕೊಡವನ್ನು ಕೇರಿಯವರ ಕೊಡಗಳಿಂದ ಒಂದು ಮಾರು ದೂರ ಇಡುವುದನ್ನು ಬಿಡಲಿಲ್ಲ.

*

ಈಗ ದ್ರಾಕ್ಷಾಯಿಣಿಯ ಮುಂದೆ ಇನ್ನೂ ಒಂಬತ್ತು ಕೊಡ ಇದ್ದವು. ಧಾರೆ ಸಣ್ಣಗಾಯಿತು.

“ಮುಂದ ಬಾರವಾ, ಯಾರೂ ಏನೂ ಅನ್ನಂಗಿಲ್ಲ,” ಎಂದಳು ಮುಂದೆ ನಿಂತಿದ್ದ ರೂಪಿಬಾಯಿ.

“ಅವ್ವ ಎದ್ದು ಬಂದು ಬೈತಾಳ್ರಿ.” ನಗಲು ಹೋದ ದ್ರಾಕ್ಷಾಯಿಣಿಗೆ ಅಳು ಬಂತು.

ನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಭೀಮಶಿ ತಲೆಯ ಮೇಲೆ ಕೈ ಹೊತ್ತು ಕೂತ. ತಾಯಿಗೆ ಕಡೆಯ ದಿನವೂ ನೀರು ಕೊಡಲಾಗದ ಮಗಳಾದೆನಲ್ಲ ಎಂದುಕೊಳ್ಳುತ್ತ ದ್ರಾಕ್ಷಾಯಿಣಿ ಖಾಲಿ ಕೊಡ ಎತ್ತಿಕೊಂಡಳು.

ಆಗ, ಮೊದಲೇ ಕೊಡ ತುಂಬಿಕೊಂಡು ಮನೆಯ ಹಾದಿ ಹಿಡಿದಿದ್ದ ಸಾವಂತ್ರೆವ್ವ ತುಂಬಿದ ಕೊಡ ಹೊತ್ತೇ ತಿರುಗಿ ಬಂದಳು. ಎಂಬತ್ತರ ಮುದುಕಿ, ಏದುಸಿರು ಬಿಡುತ್ತಿದ್ದಳು.

“ಸಾಲು ಮುರದಿಲ್ಲ. ನಾ ಮೊದಲ ಬಂದೆ, ಮೊದಲ ತುಂಬಿದೆ. ಇವು ನನ್ನ ನೀರು. ಯಾರಿಗೆ ಬೇಕಾದ್ರೂ ಕೊಡ್ತೀನಿ. ಹಿಡಿ, ತಂಗಿ.”

ದ್ರಾಕ್ಷಾಯಿಣಿ ಅವ್ವನ ಕೊಡವನ್ನು ಎರಡೂ ಕೈಯಲ್ಲಿ ಹಿಡಿದಳು. ಸಾವಂತ್ರೆವ್ವ ಮೇಲಿನಿಂದ ಸುರಿಯಲು ಹೋಗಿ ನೀರು ತುಳುಕಿತು. ಆಗ ಮುದುಕಿ, ಒಂದು ಹನಿಯೂ ಹೊರಗೆ ಚೆಲ್ಲದಂತೆ, ತನ್ನ ಕೊಡದ ಬಾಯನ್ನು ಹನುಮವ್ವನ ಕೊಡದ ಬಾಯಿಗೆ ಒತ್ತಿ ಹಚ್ಚಿ ನಿಧಾನವಾಗಿ ಬಗ್ಗಿಸಿದಳು.