ಬಾಳಿದ ಮಗುವಿನ ಬಟ್ಟೆ

ಪಾರ್ಸೆಲ್ಲಿನ ಬಾಯಿ ಬಿಚ್ಚಿದ ಕೂಡಲೇ ನಾನು ಹಿಂದಕ್ಕೆ ಸರಿದೆ. ಒಳಗಿದ್ದದ್ದು ಹಾವಲ್ಲ, ಚೇಳಲ್ಲ. ಎರಡು ಸ್ವೆಟರು, ಎರಡು ಕುಲಾವಿ, ನಾಲ್ಕು ಜೊತೆ ಕಾಲುಚೀಲ, ಹಾಲಿನ ಕೆನೆಯ ಬಣ್ಣದ ಒಂದು ಉಣ್ಣೆ ಶಾಲು. ಶಾಲಿನ ಮಡಿಕೆಯಲ್ಲಿ ಅರ್ಧ ಕರಗಿದ ಎರಡು ಬಿಳಿ ನುಸಿಗುಳಿಗೆಗಳಿದ್ದವು. ಅವುಗಳ ಘಾಟು ಮೂಗಿನಿಂದ ನೆತ್ತಿಗೇ ಏರಿತು. ಮೂವತ್ತೆಂಟು ವರ್ಷದ ಹಿಂದೆ ನನ್ನ ಮಡಿಲಲ್ಲಿ ಹನ್ನೆರಡು ದಿನದ ಗಂಡುಕೂಸು ಕಣ್ಣು ಮುಚ್ಚಿದಾಗ, ಅವನನ್ನು ಸುತ್ತಿದ್ದ ಶಾಲಿನಲ್ಲೂ ಇದೇ ವಾಸನೆ ಇತ್ತು.

ಆ ಕೂಸಿನ ಸುದ್ದಿಯನ್ನು ನಾನು ಯಾರ ಮುಂದೆಯೂ ಎತ್ತಿದವಳಲ್ಲ. ತನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿದ್ದ ಎಂಬುದೇ ನನ್ನ ಮಗಳು ಜೀವಿತಾಗೆ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಈ ಮನೆಯೊಳಗೆ ನುಸಿಗುಳಿಗೆ ಬಂದಿಲ್ಲ. ಟ್ರಂಕಿಗೆ ಬಜೆಬೇರು, ಬೇವಿನ ಸೊಪ್ಪು, ಅಷ್ಟೇ. ಯಾಕೆ ಎಂದು ಕೇಳಿದವರಿಗೆ ತಲೆನೋವು ಬರುತ್ತದೆ ಎಂದು ಸುಳ್ಳು ಹೇಳುತ್ತಿದ್ದೆ.

ಜೀವಿತಾ ಚೊಚ್ಚಲ ಬಾಣಂತನಕ್ಕೆಂದು ಚಿಕ್ಕನಾಯಕನಹಳ್ಳಿಯ ಗಂಡನ ಮನೆಯಿಂದ ದಂಡಿನಶಿವರಕ್ಕೆ, ನಮ್ಮ ಮನೆಗೆ ಬಂದಿದ್ದಳು. ಎರಡು ಸಾವಿರದ ಏಳನೇ ಇಸವಿ, ಚಳಿ ಶುರುವಾಗಿದ್ದ ದಿನಗಳು. ಅಳಿಯ ದಯಾನಂದ್ ತಿಪಟೂರಿನಲ್ಲಿ ಇಂಟರ್ನೆಟ್ ಸೆಂಟರ್ ಇಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಆ ಪೆಟ್ಟಿಗೆಯ ಮುಂದೆ ಕೂರುವ ಮನುಷ್ಯನಿಗೆ ಲೋಕವೆಲ್ಲ ಅದರೊಳಗೇ ಸಿಗುತ್ತದೆ ಎಂಬ ನಂಬಿಕೆ. ಹಳೆಯ ಸಾಮಾನು ಮಾರುವ ಯಾವುದೋ ವೆಬ್‌ಸೈಟಿನಲ್ಲಿ ಡೆಹ್ರಾಡೂನಿನ ಹೆಂಗಸೊಬ್ಬಳು ತನ್ನ ಮಗುವಿನ ಉಣ್ಣೆಬಟ್ಟೆ ಮಾರಾಟಕ್ಕಿಟ್ಟಿದ್ದಳಂತೆ. ಗಂಡ ಹೆಂಡತಿ ಇಬ್ಬರೂ ಕೂತು ಆರಿಸಿದ್ದರು.

"ಕಂಡೋರು ಹಾಕಿ ಬುಟ್ಟಿದ್ದು ನಮ್ಮ ಮಗೀಗ್ಯಾಕೆ ಕಣೇ?" ಎಂದೆ.

"ನೀನೇ ತಾನೆ ಅಮ್ಮ ಹೇಳಿದ್ದು, ಹುಟ್ಟಿದ ಮಗೂಗೆ ಹೊಸ ಬಟ್ಟೆ ಹಾಕ್ಬಾರ್ದು, ಹಳೇದೇ ಆಗ್ಬೇಕು ಅಂತ?"

ಹೇಳಿದ್ದು ನಾನೇ. ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಹೊಸ ಬಟ್ಟೆ ತಾಕಿಸುವುದಿಲ್ಲ. ಚೆನ್ನಾಗಿ ಬಾಳಿದ ಮಗುವಿನ ಹಳೆಯ ಬಟ್ಟೆಯನ್ನು ನೆಂಟರ ಮನೆಯಿಂದಲೋ ನೆರೆಯವರಿಂದಲೋ ಕೇಳಿ ತರುತ್ತೇವೆ. ಬಟ್ಟೆಯ ಜೊತೆಗೆ ಆ ಮಗುವಿನ ಆಯಸ್ಸೂ ಬರಲಿ ಎಂಬ ಆಸೆ. ನಿಜವಾದ ಭಯವನ್ನು ಬಾಯಿಬಿಟ್ಟು ಹೇಳಲಾರದ ನನಗೆ ಅದೇ ಶಾಸ್ತ್ರ ಆಸರೆಯಾಯಿತು.

"ಬಾಳಿದ ಮಗೀನ ಬಟ್ಟೆ ಅಂದಿದ್ದು ಕಣೇ. ಆ ಕೂಸು ಬದುಕಿದ್ಯೋ ಇಲ್ವೋ ನಿಂಗೊತ್ತಾ? ಕೇಳು ಮೊದ್ಲು ಅವ್ಳನ್ನ. ಅಲ್ಲೀಗಂಟ ಇದನ್ನ ಮುಟ್ಬ್ಯಾಡ."

ಜೀವಿತಾ ನಕ್ಕಳು. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಗಂಡ ಹಾಲಸ್ವಾಮಿ ಮಾತ್ರ ನಗಲಿಲ್ಲ. ಕೊಬ್ಬರಿ ವ್ಯಾಪಾರದ ಮನುಷ್ಯ, ಮಾತನ್ನೂ ತೂಗಿಯೇ ಆಡುವವರು. ಗಾಳಿಗೆ ಆ ಘಾಟು ಅವರತ್ತ ಹೋಗಿರಬೇಕು. ಅರ್ಧ ಲೋಟ ಕಾಫಿಯನ್ನು ಹಾಗೇ ಇಟ್ಟು ತೋಟಕ್ಕೆ ಹೊರಟುಹೋದರು.

ಅಳಿಯ ಡೆಹ್ರಾಡೂನಿಗೆ ಇ-ಮೇಲ್ ಬರೆದರು. ಉತ್ತರ ಬರುವವರೆಗೂ ನಾನು ಸುಮ್ಮನೆ ಕೂರಲಿಲ್ಲ. ಸ್ವೆಟರು, ಕುಲಾವಿಗಳನ್ನು ಅಂಟುವಾಳದ ನೊರೆಯಲ್ಲಿ ಎರಡು ಸಲ ನೆನೆಸಿ ಒಗೆದೆ. ಶಾಲನ್ನು ನೀರಿಗೆ ಹಾಕಿದರೆ ಕುಗ್ಗುತ್ತದೆ ಎಂದು ಆ ಹೆಂಗಸು ಚೀಟಿ ಬರೆದಿಟ್ಟಿದ್ದಳಂತೆ. ಅದನ್ನು ಐದು ದಿನ ಅಂಗಳದ ಬಿಸಿಲಿಗೆ ಹರವಿದೆ. ಚಿಪ್ಪಿನ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಹಿಡಿದೆ. ವಾಸನೆ ಹೋಯಿತು ಎಂದುಕೊಂಡು ಮಡಿಸಿ ಎದೆಗೆ ಒತ್ತಿಕೊಂಡರೆ, ಮೈಯ ಬಿಸಿ ತಾಕಿದ್ದೇ ತಡ, ಮತ್ತೆ ಮೂಗಿಗೆ ಬಡಿಯುತ್ತಿತ್ತು. ಎಲ್ಲೋ ಒಳಗೆ ಅವಿತು ಕೂತು, ನಾನು ಮುಟ್ಟುವುದನ್ನೇ ಕಾಯುತ್ತಿದೆ ಅನ್ನಿಸಿ ಶಾಲನ್ನು ಕೆಳಕ್ಕೆ ಎಸೆದಿದ್ದೂ ಉಂಟು.

ಉತ್ತರ ಬಂತು, ಒಂದು ಫೋಟೋದ ಜೊತೆಗೆ. ಅಳಿಯ ಪ್ರಿಂಟ್ ತೆಗೆದು ತಂದು ನನ್ನ ಕೈಯಲ್ಲಿಟ್ಟರು. ಗುಂಡುಗುಂಡಗಿನ ಹೆಣ್ಣುಮಗು, ನಾಲ್ಕು ವರ್ಷ, ಬೆನ್ನಿಗೆ ಸ್ಕೂಲ್ ಬ್ಯಾಗು. ಚಿತ್ರದಲ್ಲೂ ಅದರ ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು.

"ನೋಡಿ ಅತ್ತೆ, ಬಾಳಿದ ಮಗು. ಇನ್ನು ನಿಮ್ಮ ಪರ್ಮಿಷನ್ ಸಿಕ್ತು ತಾನೆ?" ಎಂದರು.

ಇನ್ನೇನು ಹೇಳಲಿ? ಮೂಗಿಗೆ ಭಯವಾಗುತ್ತಿದೆ ಎಂದರೆ ಯಾರಾದರೂ ಕೇಳುತ್ತಾರೆಯೇ? ನನ್ನ ಶಾಸ್ತ್ರದಿಂದಲೇ ನನ್ನ ಬಾಯಿ ಕಟ್ಟಿತು. ಬಟ್ಟೆಗೆ ನುಸಿ ಹಿಡಿಯಬಾರದೆಂದು ಜೀವಿತಾ ತಾನು ತೆಗೆದಿಟ್ಟಿದ್ದ ಆ ಗುಳಿಗೆಗಳನ್ನೂ ಜೊತೆಗಿಟ್ಟು ಶಾಲನ್ನು ಮತ್ತೆ ಪಾರ್ಸೆಲ್ಲಿನ ಡಬ್ಬಿಯೊಳಗೆ ಹಾಕಿದಳು. ಕಂಡೂ ಸುಮ್ಮನಿದ್ದೆ. ಆ ತಪ್ಪು ನನ್ನದು.

ಹತ್ತು ದಿನಕ್ಕೆ ಜೀವಿತಾ ಹೆತ್ತಳು. ತುರುವೇಕೆರೆಯಲ್ಲಿ ಹೆರಿಗೆ, ಮೂರನೇ ದಿನಕ್ಕೆ ಮನೆ. ಗಂಡುಮಗು. ನಮ್ಮ ತೋಟದ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿದ ಎಣ್ಣೆ ಇತ್ತು. ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿ, ನೀರು ಹಾಕಿ, ಮೈ ಒರೆಸಿದ ಮೇಲೆ ಮತ್ತೆ ಒಂದು ಬೊಗಸೆ ಎಣ್ಣೆ ಸವರಿ, ಮೂಗಿಗೆ ಸೆರಗು ಸುತ್ತಿಕೊಂಡು ಆ ಶಾಲಿನಲ್ಲಿ ಬಿಗಿಯಾಗಿ ಸುತ್ತುತ್ತಿದ್ದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ನಾಲ್ಕು ಜನ ಏನಂದಾರು? ಉಣ್ಣೆ ಎಣ್ಣೆಯನ್ನು ಹೀರುತ್ತಿತ್ತು. ಕೂಸು ಬೆಚ್ಚಗೆ ಮಲಗುತ್ತಿತ್ತು. ನಾನು ಬಗ್ಗಿ ಅದರ ಉಸಿರು ನೋಡುತ್ತಿದ್ದೆ, ದಿನಕ್ಕೆ ಇಪ್ಪತ್ತು ಸಲ.

ಏಳನೆಯ ದಿನ ಬೆಳಗ್ಗೆ ಅದರ ಕಣ್ಣಿನ ಬಿಳಿ ಅರಿಶಿನವಾಗಿತ್ತು.

"ಎಲ್ಲಾ ಮಕ್ಕಳ್ಗೂ ಬತ್ತದೆ ಕಣವ್ವ, ಎಳೆಬಿಸ್ಲಿಗೆ ಹಿಡ್ಕೊ, ಹೋಯ್ತದೆ," ಎಂದು ಪಕ್ಕದ ಮನೆಯ ಸಿದ್ದಕ್ಕ ಧೈರ್ಯ ಹೇಳಿದಳು. ಎಳೆಬಿಸಿಲಿಗೆ ಹಿಡಿದೆ. ಮರುದಿನ ಹೊಟ್ಟೆ, ಅಂಗಾಲು ಎಲ್ಲ ಹಳದಿ. ಅದು ಉಚ್ಚೆ ಹೊಯ್ದ ಬಟ್ಟೆಯ ಮೇಲೆ ಕಪ್ಪು ಚಹಾದ ಬಣ್ಣ. ಮೊಲೆಗೆ ಹಿಡಿದರೆ ಚೀಪದೆ ನಿದ್ದೆಗೆ ಜಾರುತ್ತಿತ್ತು. ಈ ಬಣ್ಣವನ್ನೂ ಈ ನಿದ್ದೆಯನ್ನೂ ನಾನು ಹಿಂದೆ ಕಂಡಿದ್ದೆ. ನನ್ನ ಗಂಡನ ಮುಖ ನೋಡಿದೆ. ಅವರು ಆಗಲೇ ಬಾಡಿಗೆ ಕಾರು ಕರೆಯಲು ಚಪ್ಪಲಿ ಮೆಟ್ಟುತ್ತಿದ್ದರು.

ತುಮಕೂರಿನ ಆಸ್ಪತ್ರೆಯಲ್ಲಿ ಕೂಸನ್ನು ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಮಲಗಿಸಿದರು. ಕಣ್ಣಿಗೆ ಪಟ್ಟಿ. ಹಾಲಿಗೆಂದು ಹೊರಗೆ ಕೊಟ್ಟಾಗಲೆಲ್ಲ ಚಳಿಯಾದೀತೆಂದು, ಬೇರೆ ಬೆಚ್ಚನೆಯ ಬಟ್ಟೆ ತಂದಿರದ ಕಾರಣ, ಅದೇ ಶಾಲಿನಲ್ಲಿ ಸುತ್ತುತ್ತಿದ್ದೆ. ನರ್ಸಮ್ಮ ಅತ್ತ ಹೋದಾಗ, ಚರ್ಮ ಒಣಗಿದೆ ಎಂದು ಬಾಟಲಿಯಲ್ಲಿ ತಂದಿದ್ದ ಎಣ್ಣೆಯನ್ನು ಕದ್ದು ಸವರುತ್ತಿದ್ದೆ. ಕೂಸಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ, ದೇವರಾಣೆ.

ಎರಡು ದಿನ ಕಳೆದರೂ ಹಳದಿ ಇಳಿಯಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ಡಾಕ್ಟರ್ ಅನುಪಮಾ ಕಾಗದ ಹಿಡಿದು ಬಂದರು. ನನಗೆ ಮರುದಿನದ ಲೆಕ್ಕ ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ನಾಳೆ ಹನ್ನೆರಡು.

"ರಕ್ತ ಒಳಗೊಳಗೇ ಒಡೀತಾ ಇದೆ. ಲೈಟ್ ಕೆಳಗಿಟ್ರೂ ನಿಲ್ತಾ ಇಲ್ಲ. ಕಾಮಾಲೆ ಹೀಗೇ ಏರಿದ್ರೆ ಮೆದುಳಿಗೆ ಹೋಗುತ್ತೆ," ಎಂದರು. "ಯಾವ್ದಾದ್ರೂ ನಾಟಿ ಔಷಧಿ ಹಾಕಿದ್ರಾ? ತಾಯಿ ಮಾತ್ರೆ ತಗೊಂಡಿದ್ಳಾ?"

ಇಲ್ಲ ಎಂದೆವು. ಹಾಕಿರಲಿಲ್ಲ, ಸುಳ್ಳೇನಲ್ಲ.

ನನ್ನ ಬೀಗಿತ್ತಿ ಗಿರಿಜಾಂಬಿಕಾ ಆಗಷ್ಟೇ ಚಿಕ್ಕನಾಯಕನಹಳ್ಳಿಯಿಂದ ಬಂದು ನಿಂತಿದ್ದರು. ಕೆಟ್ಟ ಹೆಂಗಸಲ್ಲ, ಮೊಮ್ಮಗನ ಮುಖ ನೋಡಿ ಅಳುತ್ತಿದ್ದರು.

"ಡಾಕ್ಟ್ರೇ, ಇವ್ಳ ಹಾಲೇ ಮಗೀಗೆ ಆಗ್ತಿಲ್ವೇನೋ. ಹಾಲು ಬುಡ್ಸಿ ಹಸೀನ ಹಾಲು ಹಾಕ್ಬುಟ್ರೆ?"

ಜೀವಿತಾ ಒಮ್ಮೆಗೇ ಸೆರಗನ್ನು ಎದೆಯ ಮೇಲೆ ಎಳೆದುಕೊಂಡಳು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು.

ಅದೇ ಮಾತು. ನನ್ನ ಅವ್ವ ಮೊದಲೇ ತೀರಿಹೋಗಿದ್ದರಿಂದ ನನಗೆ ಬಾಣಂತನವಾದದ್ದು ಗಂಡನ ಮನೆಯಲ್ಲೇ. ಕೂಸು ಹಳದಿಯಾದಾಗ ನನ್ನ ಅತ್ತೆ ಗುರುಸಿದ್ದಮ್ಮ "ನಿನ್ನ ಹಾಲೇ ನಂಜು ಕಣೇ" ಎಂದು ಎದೆಗೆ ಬಟ್ಟೆ ಬಿಗಿಸಿದ್ದಳು. ಪಕ್ಕದ ಕೋಣೆಯಲ್ಲಿ ಅವನು ಹಸಿದು ಕೀರುತ್ತಿದ್ದ. ಈ ಕಡೆ ನನ್ನ ಹಾಲು ಸೋರಿ ರವಿಕೆ ಒದ್ದೆಯಾಗುತ್ತಿತ್ತು. ಮೂರು ದಿನ ಹಾಗೆ. ಆಮೇಲೆ ಅಳು ನಿಂತಿತು. ಆಗ ಅವನನ್ನು ತಂದು ನನ್ನ ಮಡಿಲಿಗೆ ಹಾಕಿದರು. ನಾನೇ ಅವನನ್ನು ಕೊಂದೆ ಎಂದು ಮೂವತ್ತೆಂಟು ವರ್ಷ ನಂಬಿದ್ದೆ. ಈಗ ನನ್ನ ಮಗಳೂ ಹಾಗೇ ನಂಬಬೇಕೆ?

"ಹಾಲಲ್ಲ!" ಎಂದು ಕಿರುಚಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. "ಹಾಲಲ್ಲ ಡಾಕ್ಟ್ರಮ್ಮ. ಈ ಶಾಲು. ಇದ್ರ ವಾಸ್ನೆ. ನಂಗೂ ಒಂದು ಗಂಡುಮಗ ಇತ್ತು. ಅದೂ ಹಿಂಗೇ ಹಳ್ದಿ ಆಯ್ತು, ಹಿಂಗೇ ನಿದ್ದೆ ಹೋಯ್ತು. ಅದ್ಕೆ ಸುತ್ತಿದ್ದ ಶಾಲ್ನಲ್ಲೂ ನುಸಿಗುಳಿಗೆ ವಾಸ್ನೆ ಇತ್ತು. ಮೂಢನಂಬಿಕೆ ಅನ್ನಿ, ಹುಚ್ಚಿ ಅನ್ನಿ, ಇದನ್ನ ಮೊದ್ಲು ಆಚೆ ಹಾಕಿ."

ಅಣ್ಣನ ಸುದ್ದಿಯನ್ನು ಮೊದಲ ಸಲ ಕೇಳಿದ ಜೀವಿತಾ ತಗ್ಗಿಸಿದ್ದ ತಲೆ ಎತ್ತಿದಳು. ಯಾರಾದರೂ ನಗುತ್ತಾರೆ ಎಂದು ಕಾದೆ. ಡಾಕ್ಟರ್ ನಗಲಿಲ್ಲ. ನನ್ನ ಕೈಯಿಂದ ಶಾಲು ತೆಗೆದುಕೊಂಡು ಮೂಗಿಗೆ ಹಿಡಿದರು. ಎಣ್ಣೆ ಕುಡಿದಿದ್ದ ಉಣ್ಣೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು.

"ಎಣ್ಣೆ ಹಚ್ಚಿ ಇದ್ರಲ್ಲಿ ಸುತ್ತಿದ್ರಾ?"

"ಹೂಂ ಕಣ್ರೀ. ದಿನಾ."

"ಇಲ್ಲೂ?"

ನಾನು ಎಣ್ಣೆಯ ಬಾಟಲಿಯನ್ನು ಚೀಲದಿಂದ ತೆಗೆದು ಅವರ ಮೇಜಿನ ಮೇಲಿಟ್ಟೆ.

ಡಾಕ್ಟರ್ ಶಾಲನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಹೊರಗೆ ಕಳಿಸಿ, ಕೂಸಿನ ಮೈಯನ್ನು ಸೋಪು ಹಾಕಿ ಒರೆಸಲು ಹೇಳಿದರು. ಆಮೇಲೆ ನಮ್ಮನ್ನು ಕೂರಿಸಿ ವಿವರಿಸಿದರು. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ ಇರುತ್ತದಂತೆ. ಅಂಥವರಿಗೆ ನುಸಿಗುಳಿಗೆಯ ಘಾಟು ತಾಕಿದರೆ ರಕ್ತ ಒಡೆಯುತ್ತದಂತೆ. ಮೈಗೆ ಎಣ್ಣೆ ಇದ್ದರೆ ಅದು ಎಣ್ಣೆಯಲ್ಲಿ ಕರಗಿ ಚರ್ಮದೊಳಕ್ಕೆ ಇನ್ನೂ ಬೇಗ ಇಳಿಯುತ್ತದಂತೆ. ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಕಡೆಯಿಂದ ಇಳಿದು ಬರುತ್ತದೆ, ಯಾರ ತಪ್ಪೂ ಅಲ್ಲ ಎಂದರು. ಡೆಹ್ರಾಡೂನಿನ ಆ ಗುಂಡು ಹುಡುಗಿ ಯಾಕೆ ಬಾಳಿದಳು ಎಂಬುದು ನನಗೆ ಆಗ ಹೊಳೆಯಿತು.

"ಮತ್ತೆ ಹಾಲು?" ಎಂದು ಕೇಳಿದೆ.

"ಹಾಲು ನಿಲ್ಲಿಸ್ಬೇಡಿ. ಹಾಲಿಗೂ ಇದಕ್ಕೂ ಸಂಬಂಧಾನೇ ಇಲ್ಲ."

ಅಂದೇ ಮಧ್ಯಾಹ್ನ ಬೇರೆ ರಕ್ತ ತರಿಸಿ, ಕೂಸಿನ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿದರು. ಹನ್ನೆರಡನೆಯ ದಿನವನ್ನು ನಾನು ಗಾಜಿನ ಬಾಗಿಲಿನ ಆಚೆ ನಿಂತೇ ಕಳೆದೆ. ಕೂತರೆ ಏನಾದರೂ ಆಗಿಬಿಡುತ್ತದೆ ಎಂಬ ಹೆದರಿಕೆ. ಬೀಗಿತ್ತಿ ಬಂದು ನನ್ನ ಕೈ ಹಿಡಿದು ಪಕ್ಕದಲ್ಲೇ ನಿಂತರು. ಹದಿಮೂರನೆಯ ದಿನ ಬೆಳಗ್ಗೆ ಕೂಸು ಕಾಲು ಒದೆದು, ಮುಖ ಕೆಂಪಗೆ ಮಾಡಿಕೊಂಡು, ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು. ಜೀವಿತಾ ಎದೆಗೆ ಹಿಡಿದಳು. ಚೀಪುವ ಸದ್ದು ಕೇಳಿದ ಮೇಲೆ ನಾನು ಬೆಂಚಿನ ಮೇಲೆ ಕೂತೆ.

ಕೂಸನ್ನು ಮನೆಗೆ ಕಳಿಸುವ ಮೊದಲು ಮನೆಯಲ್ಲಿ ಎಲ್ಲೂ ಆ ಗುಳಿಗೆ ಇರಬಾರದು ಎಂದು ಡಾಕ್ಟರ್ ಎಚ್ಚರಿಸಿದ್ದರು. ನಾನೂ ನನ್ನ ಗಂಡನೂ ಮುಂಚೆಯೇ ಊರಿಗೆ ಬಂದೆವು. ಆ ಪಾರ್ಸೆಲ್ಲಿನ ಬಟ್ಟೆಗಳನ್ನೂ ಡಬ್ಬಿಯನ್ನೂ ಹೊರಗೆ ಹಾಕಿದೆ. ಆದರೂ ಭಯ ಇಳಿಯಲಿಲ್ಲ. ನಾಯಿಯ ಹಾಗೆ ಬೀರು, ಹಾಸಿಗೆ, ದಿಂಬು ಎಲ್ಲ ಮೂಸಿದೆ. ನನ್ನ ಗಂಡ ಕೊಬ್ಬರಿಗೆಂದು ಕಾಯಿ ತುಂಬಿಟ್ಟಿದ್ದ ಅಟ್ಟ ಹತ್ತಿದರು. ಕಾಯಿ ಸರಿಸುವ ಸದ್ದು ಬಹಳ ಹೊತ್ತು ಕೇಳಿಸಿತು. ಕೊನೆಗೆ ಅವರು ತಮ್ಮ ಅವ್ವನ ತುಕ್ಕು ಹಿಡಿದ ಟ್ರಂಕನ್ನು ಹೊತ್ತು ಕೆಳಗಿಳಿದರು.

ಅಂಗಳಕ್ಕೆ ತಂದು ಮುಚ್ಚಳ ತೆಗೆದರು. ಒಳಗೆ ನನ್ನ ಕೂಸಿಗೆ ಸುತ್ತಿದ್ದ ಆ ಕಂದು ಬಣ್ಣದ ಶಾಲು. ಸುಟ್ಟುಹಾಕಿದೆ ಎಂದಿದ್ದಳು ನನ್ನ ಅತ್ತೆ. ಉಣ್ಣೆ ಶಾಲು, ಸುಡಲು ಮನಸ್ಸು ಬಂದಿರಲಿಕ್ಕಿಲ್ಲ. ಅಷ್ಟು ವರ್ಷವಾದರೂ ಅದರ ಮಡಿಕೆಯಲ್ಲಿ ಆ ವಾಸನೆ ಸಣ್ಣಗೆ ಉಳಿದಿತ್ತು.

"ನನ್ನ ಹಾಲಲ್ಲಿ ನಂಜಿರ್ಲಿಲ್ವಂತೆ ಕಣ್ರೀ," ಎಂದೆ.

ಅವರು ಶಾಲನ್ನೇ ನೋಡುತ್ತಾ ನಿಂತಿದ್ದರು. "ಗುಳಿಗೆ ಹೊಸ್ದಾಗಿ ಬಂದಿತ್ತು. ತಿಪಟೂರಿಂದ ತಂದು ಈ ಟ್ರಂಕಿಗೆ ಹಾಕ್ದೋನು ನಾನೇ," ಎಂದರು. "ಅದು ಗೊತ್ತಿರ್ಲಿಲ್ಲ, ಹೋಗ್ಲಿ. ಅವ್ವ ನಿನ್ನ ಹಾಲು ನಂಜು ಅಂದ್ಲಲ್ಲ, ಅಲ್ಲ ಅಂತ ಹೇಳೋಕೆ ಏನೂ ಗೊತ್ತಿರ್ಬೇಕಾಗಿರ್ಲಿಲ್ಲ. ಮಗ ಅಳೋದು ನಂಗೂ ಕೇಳಿಸ್ತಿತ್ತು ಕಣೇ."

ಅವರು ಗುಂಡಿ ತೋಡಲು ಹಾರೆ ತೆಗೆದುಕೊಂಡು ತೋಟದ ಅಂಚಿಗೆ ಹೋದರು. ನಾನು ಶಾಲನ್ನು ಎತ್ತಿಕೊಂಡೆ. ಮೊದಲ ಸಲ, ಮೂಗು ಮುಚ್ಚಿಕೊಳ್ಳದೆ, ಅದನ್ನು ಎದೆಗೊತ್ತಿ ಅವರ ಹಿಂದೆ ನಡೆದೆ.