ಅಂಚಿನ ಹಸಿರು

"ಕನ್ನಡಕ ತೆಗಿ ಚಿಕ್ಕಮ್ಮ!"

ತೀರಿಕೊಂಡ ಅಕ್ಕನ ತಣ್ಣಗಿನ ಮೂಗಿನ ಮೇಲೆ ಚಿಕ್ಕಮ್ಮ ಅದನ್ನಿನ್ನೂ ಸರಿಯಾಗಿ ಕೂರಿಸಿರಲಿಲ್ಲ, ಅಕ್ಕನ ಮಗ ಕಿತ್ತುಕೊಂಡೇಬಿಟ್ಟ. ಅವನ ಉಗುರುಸಂದಿಯಲ್ಲಿ ಗ್ಯಾರೇಜಿನ ಗ್ರೀಸು ಹಾಗೇ ಇತ್ತು.

"ಇಪ್ಪತ್ತು ವರ್ಷ ಹಾಕ್ಕೊಂಡಿದ್ಲಲ್ಲೋ. ಇದಿಲ್ದೆ ಅವಳ ಮುಖಾನೇ ಅಲ್ಲ ಅನ್ಸುತ್ತೆ."

"ಅದಕ್ಕೇ ಬೇಡ."

ಸ್ಮಶಾನಕ್ಕೆ ಒಯ್ಯುವ ವ್ಯಾನು ಬರಲು ಅರ್ಧ ಗಂಟೆಯಿತ್ತು. ಅಷ್ಟರೊಳಗೆ ಅಮ್ಮ ಕೆಲಸಕ್ಕಿದ್ದ ಲ್ಯಾಬಿನ ಪ್ರೊಫೆಸರರ ಬಾಯಿಂದ, ಎಲ್ಲರೆದುರು, ಒಂದೇ ಮಾತು ಹೊರಡಬೇಕು: ಮೊದಲು ಕಂಡವಳು ಅಮ್ಮ.

ಆ ಮನುಷ್ಯ ಬಾಗಿಲ ಬಳಿ ಕೂತು ಪಕ್ಕದ ಮನೆಯವರಿಗೆ ತಮ್ಮ ಪುರಾಣ ಬಿಚ್ಚಿದ್ದರು. "ಇಲಿಯ ಜೀವಕೋಶದಲ್ಲಿ ಲೈಸೋಸೋಮ್ ಅಂತ ಪುಟ್ಟ ಚೀಲಗಳಿರುತ್ವೆ. ಕಸ ಕರಗಿಸೋ ಚೀಲ. ಅದಕ್ಕೆ ಅಂಟಿಕೊಂಡು ಬೇರೆ ಪ್ರೋಟೀನುಗಳನ್ನ ಹಿಡಿದು ನಿಲ್ಲಿಸೋ ಪ್ರೋಟೀನೊಂದಿದೆ. ಅದಿರೋದು ಒಳಗಲ್ಲ, ಹೊರಮೈಮೇಲೆ ಅಂತ ತೋರಿಸಿದ್ದು ನಾನು. ಇವರು ಇಲಿಯ ಲಿವರನ್ನ ಎಷ್ಟು ತೆಳ್ಳಗೆ ಕತ್ತರಿಸೋರು ಗೊತ್ತಾ? ಒಳ್ಳೇ ಕೈ."

"ಕೈಯಂತೆ ಕೈ," ಮಗ ಹಲ್ಲು ಕಡಿದ. "ಕಣ್ಣೇ ಇರ್ಲಿಲ್ವೇನೋ."

*

ಇಪ್ಪತ್ತು ವರ್ಷದ ಹಿಂದೆ ಅವತ್ತು, ಲ್ಯಾಬಿನಿಂದ ಬಂದ ಅಮ್ಮ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ್ದಳು.

"ಹಸಿರು ಬಣ್ಣ ಹಾಕಿದ ಪ್ರೋಟೀನು ಚೀಲದ ಒಳಗಿದ್ರೆ ಇಡೀ ಚುಕ್ಕೀನೇ ಹಸಿರಾಗ್ಬೇಕು ತಾನೇ? ಮೈಕ್ರೋಸ್ಕೋಪಲ್ಲಿ ನಂಗೆ ಅಂಚು ಮಾತ್ರ ಹಸಿರು ಕಾಣುತ್ತೆ. ಉಂಗುರದ ಹಾಗೆ. ಸಾರ್‌ಗೆ ಹೇಳಿದ್ರೆ, ಮೊದಲು ಹೋಗಿ ಕಣ್ಣು ತೋರಿಸ್ಕೊ ಅಂದ್ರು."

ತೋರಿಸಿಕೊಂಡಳು. ಕಣ್ಣಿಗೆ ಒಂದು ಐಬೂ ಇರಲಿಲ್ಲ. ಆದರೂ ಪವರಿಲ್ಲದ ಬರೀ ಗಾಜು ಹಾಕಿಸಿ, ಕನ್ನಡಕ ಏರಿಸಿಕೊಂಡು ಹೋಗಿ, ಅದೇ ಮಾತು ಮತ್ತೆ ಹೇಳಿದಳು.

ಆಗ ಬಗ್ಗಿ ನೋಡಿದರಂತೆ ಮಹಾನುಭಾವರು.

"ಈಗ ತೆಗೆದ್ರೆ ಮತ್ತೆ ನಂಬಲ್ಲ ಕಣೋ," ಎಂದು ಅಮ್ಮ ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ. ಇವತ್ತಿಗೂ ಬಂದಿಲ್ಲ.

*

ವ್ಯಾನು ಬಂತು.

"ಸಾರ್, ಆ ಹಸಿರು ಅಂಚು ಮೊದಲು ಕಂಡಿದ್ದು ಯಾರಿಗೆ? ಎಲ್ಲರಿಗೂ ಕೇಳೋ ಹಾಗೆ ಹೇಳಿ."

"ನೋಡಪ್ಪಾ, ವಿಜ್ಞಾನ ಅಂದ್ರೆ ಒಬ್ಬರ ಕೆಲಸ ಅಲ್ಲ."

"ಪ್ರಬಂಧಕ್ಕೆ ಹೆಸರು ಹಾಕ್ಕೊಳ್ಳೋವಾಗ ಒಬ್ಬರೇ ಇದ್ರಲ್ಲ?"

"ಹೆಣ ಇಟ್ಕೊಂಡು ಜಗಳ ಬೇಡ್ವೋ," ಚಿಕ್ಕಮ್ಮ ತೋಳು ಜಗ್ಗಿದಳು.

ಪ್ರೊಫೆಸರ್ ದನಿ ತಗ್ಗಿಸಿದರು. "ಅವರಿಗೆ ಪಾಪ, ದೃಷ್ಟಿ ಮಂದ ಇತ್ತಲ್ಲಪ್ಪಾ. ಕನ್ನಡಕ ಬರೋವರೆಗೂ..."

ಮಗ ಕನ್ನಡಕವನ್ನು ಅವರ ಕೈಗೆ ತುರುಕಿದ. "ನೋಡಿ."

ಪ್ರೊಫೆಸರ್ ಅದನ್ನು ಕಣ್ಣೆದುರು ಹಿಡಿದರು. ಹತ್ತಿರ ತಂದರು. ದೂರ ಸರಿಸಿದರು. ಗಾಜಿನಾಚೆ ಕಿಟಕಿಯ ಸರಳು ಹಿಗ್ಗಲಿಲ್ಲ, ಕುಗ್ಗಲಿಲ್ಲ. ಬೆರಳಿಂದ ಗಾಜು ಒರೆಸಿ ಮತ್ತೆ ಹಿಡಿದು ನೋಡಿದರು.

ನಾಲ್ವರು ಅಮ್ಮನನ್ನು ಎತ್ತಿಕೊಂಡು ಅವರ ಮುಂದೆಯೇ ಹಾದರು. ಬರಿಯ ಮುಖ. ಮೂಗಿನ ಎರಡೂ ಬದಿಗೆ, ಇಪ್ಪತ್ತು ವರ್ಷ ಕನ್ನಡಕ ಕೂತು ಒತ್ತಿದ್ದ ಎರಡು ಗುಳಿ.