ನಲವತ್ತೊಂದನೆಯ ಸಾಲು

‘ಎರಡು ತಿಂಗಳಿಂದ ಯಾರೂ ನನ್ನ ದನಿಯನ್ನು ಅಣಕಿಸಿಲ್ಲ. ಹಾಯೆನಿಸುತ್ತಿದೆ. ಹಾಯೆನಿಸಿದ್ದಕ್ಕೇ ಯಾಕೋ ಅಳುಕು.’ ದಾಕ್ಷಾಯಣಿ ಡೈರಿಯಲ್ಲಿ ಇಷ್ಟು ಬರೆದು ಮುಚ್ಚಿಟ್ಟು ವಾರವಾಗಿತ್ತು.

ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಉಟಗಿಯ ಕುರಿಗಾರರ ಸೊಸೈಟಿಯಲ್ಲಿ ಅವಳು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಬಿ.ಎ. ಆಗಿದ್ದರೂ ನಾಲ್ಕು ಜನರೆದುರು ನಾಲಗೆ ಏಳದು. ಆದರೆ ಲಸಿಕೆ ಬಂತೆಂದರೆ, ಜಂತಿನ ಔಷಧ ಬಂತೆಂದರೆ, ಕುರಿ ಕಾಯುವವರ ಫೋನಿನಲ್ಲಿ ಬೇಗ ಬರಹೇಳಿ ಮೊಳಗುತ್ತಿದ್ದದ್ದು ಅವಳದೇ ದನಿ: ‘ಲಗೂನ ಬರ್ರಿ!’ ಓದು ಬಾರದವರಿಗೆ ಅನುಕೂಲವೆಂದು ಸೆಕ್ರೆಟರಿ ಶಿವಶರಣ ಒತ್ತಾಯದಿಂದ ರೆಕಾರ್ಡ್ ಮಾಡಿಸಿದ್ದ; ಕಂಪ್ಯೂಟರೇ ಅದನ್ನು ಎಲ್ಲರಿಗೂ ಕರೆ ಮಾಡಿ ಕೇಳಿಸುತ್ತಿತ್ತು. ಅಂದಿನಿಂದ ಸಂತೆಯಲ್ಲಿ ಕಂಡವರೆಲ್ಲ, ‘ಏ ಲಗೂನ ಬರ್ರಿ, ಅಷ್ಟ ಲಗೂನ ಎಲ್ಲಿಗಿ ಹೊಂಟಿ?’ ಎಂದು ಕಾಡಿಸುವವರೇ. ಅವಳು ತಲೆಯೆತ್ತದೆ ಮನೆ ಸೇರುತ್ತಿದ್ದಳು.

ಯುಗಾದಿಯಾದ ಮೇಲೆ ಆ ಕಾಟ ತಾನಾಗಿ ನಿಂತಿತು. ಯಾಕೆ ನಿಂತಿತೆಂದು ಅವಳು ಕೇಳಿಕೊಳ್ಳಲಿಲ್ಲ.

ಈಗ ಹೊಸಮಳೆಯ ಚಿಗುರು ಮೇಯ್ದು ಯಮನವ್ವನ ಮೂವತ್ತೊಂದು ಕುರಿಗಳು ಕರುಳುಬೇನೆಯಿಂದ ಸತ್ತಿದ್ದವು. ಆ ಬೇನೆಯ ಲಸಿಕೆ ಮಳೆಗೆ ಮುಂಚೆಯೇ ಸೊಸೈಟಿಗೆ ಬಂದಿತ್ತು; ಊರಲ್ಲಿದ್ದವರು ಒಬ್ಬರ ಬಾಯಿಂದ ಒಬ್ಬರು ಕೇಳಿ ಹಾಕಿಸಿದ್ದರು. ಯಮನವ್ವ ಮತ್ತು ಗಂಡ ವಿಠೋಬ ಹಿಂಡು ಕಟ್ಟಿಕೊಂಡು ದೂರದ ಸೊರಡಿಯ ಹೊಲಗಳಲ್ಲಿದ್ದರು. ಫೋನು ಇರುತ್ತಿದ್ದದ್ದು ಯಮನವ್ವನ ಸೆರಗಿನ ಗಂಟಿನಲ್ಲಿ. ಹಾಗಾಗಿ ತಪ್ಪೂ ಅವಳದೇ ಆಯಿತು. ಮೂರು ದಿನದಿಂದ ವಿಠೋಬ ಅವಳು ಬಡಿದ ರೊಟ್ಟಿ ಮುಟ್ಟಿರಲಿಲ್ಲ.

‘ನೋಡಿಲ್ಲೆ, ಯಮನವ್ವಗ ಸೂಚನೆ ತಲುಪಿದೆ ಅಂತ ಐತಿ. ಸೊಸೈಟೀದೇನೂ ತಪ್ಪಿಲ್ಲ’ ಎಂದ ಶಿವಶರಣ, ಪರದೆಗೆ ಬೆರಳಿಟ್ಟು.

ದಾಕ್ಷಾಯಣಿ ಡೈರಿ ತೆಗೆದಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ದನಿ ರೆಕಾರ್ಡಾದ ದಿನ, ಮರೆತರೆ ಯಾರನ್ನು ಕೇಳಲಿ ಎಂಬ ಅಂಜಿಕೆಯಿಂದ, ಕರೆ ಕಳಿಸುವ ಸಾಫ್ಟ್‌ವೇರಿನ ಸೆಟ್ಟಿಂಗಿನ ನೂರ ಅರವತ್ತೆಂಟು ಸಾಲುಗಳನ್ನೂ ನಂಬರು ಹಾಕಿ ಬರೆದುಕೊಂಡಿದ್ದಳು. ಈಗ ಒಂದೊಂದಾಗಿ ಪರದೆಗೆ ಹೋಲಿಸುತ್ತ ಹೋದಳು. ನಲವತ್ತೊಂದನೆಯ ಸಾಲಿಗೆ ಬೆರಳು ನಿಂತಿತು. ಡೈರಿಯಲ್ಲಿ ‘ತಿಳಿಸುವ ಬಗೆ: ಧ್ವನಿ ಕರೆ’. ಪರದೆಯಲ್ಲಿ ‘ಎಸ್ಸೆಮ್ಮೆಸ್’. ತಲುಪಿದ್ದೇನೋ ನಿಜ, ಓದಲು ಬಾರದವಳ ಫೋನಿಗೆ.

ಪುಣೆಯ ಸಾಫ್ಟ್‌ವೇರಿನವನಿಗೆ ಫೋನು ಹಚ್ಚಿದಳು. ‘ಯುಗಾದಿಗೆ ಅಪ್‌ಡೇಟ್ ಆಯಿತಲ್ಲ ಮ್ಯಾಡಮ್, ಕೆಲವು ಸೆಟ್ಟಿಂಗ್ ಮೂಲಕ್ಕೆ ಮರಳಿರುತ್ತವೆ. ನೀವೇ ನೋಡಿಕೊಳ್ಳಬೇಕು’ ಎಂದ ಅವನು ಮರಾಠಿಯಲ್ಲಿ.

‘ಯಾವುದು ಬದಲಾಯಿತೆಂದು ತೋರಿಸುವುದಿಲ್ಲವೇ?’

‘ಮುಂದಿನ ಸಲ ನೋಡೋಣ.’

ಬದಲಾದ ಸಾಲಿನ ಮುಂದೆ ಒಂದು ಕೆಂಪು ಚುಕ್ಕೆ ಇದ್ದಿದ್ದರೆ! ನೂರ ಅರವತ್ತೆಂಟೂ ಒಂದೇ ಬೂದು ಬಣ್ಣದಲ್ಲಿ ಏನೂ ಅರಿಯದವರಂತೆ ಕುಳಿತಿದ್ದವು. ಡೈರಿಯಲ್ಲಿ ತಾನೇ ಕೆಂಪು ಪೆನ್ನಿನ ಚುಕ್ಕೆ ಇಟ್ಟಳು. ಹಳ್ಳದಂಚಿಗೆ ಹೂತ ಕುರಿಗಳಿಗೆ ಇದರಿಂದ ಆಗಬೇಕಾದ್ದೇನು?

ಶಿವಶರಣ ಅದನ್ನು ನೋಡಿ ಬಾಗಿಲ ಕಡೆ ಕಣ್ಣು ಹಾಯಿಸಿದ. ‘ಸುಮ್ಕಿರವಾ. ಸತ್ತದ್ದು ತಿರುಗಿ ಬರಂಗಿಲ್ಲ. ನಿನಗ ಮದಲ ಬಾಯಿಲ್ಲ, ಇವತ್ತ ಅದ ಚಲೋ ಆತು.’

ಮಧ್ಯಾಹ್ನ ಗಂಡ ಹೆಂಡತಿ ಬಂದರು. ಯಮನವ್ವ ನೆಲದ ಮೇಲೇ ಕುಳಿತಳು.

‘ಮ್ಯಾಲ ಕುಂದ್ರಬೇ’ ಎಂದ ಶಿವಶರಣ.

‘ಇರ್ಲಿ ಬಿಡ್ರಿ’ ಎಂದವಳು ದಾಕ್ಷಾಯಣಿಯತ್ತ ತಿರುಗಿದಳು. ‘ತಂಗಿ, ನಿನ್ನ ದನಿ ಬರಲಿಲ್ಲ. ಅದಕ್ಕ ಸೂಜೀನ ಬಂದಿಲ್ಲ ಅನ್ಕೊಂಡ್ನಿ.’

‘ಗೊರಕಿ ಹೊಡಿಯೂವಾಗ ದನಿ ಎಲ್ಲಿ ಕೇಳಬೇಕ ಈಕಿಗಿ’ ಎಂದ ವಿಠೋಬ, ಗೋಡೆಗೆ ಮುಖಮಾಡಿ.

ಯಮನವ್ವ ಸೆರಗಿನ ಗಂಟು ಬಿಚ್ಚಿ ಫೋನು ತೆಗೆದು ನೋಡಿದಳು. ‘ಆಗಿದ್ರೂ ಆಗಿರಬೇಕ್ರಿ. ನನಗ ಕಣ್ಣ ಹತ್ತಿತ್ತೇನೋ.’

ಮಾಡದ ತಪ್ಪನ್ನು ಅವಳು ನಂಬತೊಡಗಿದ್ದಳು. ಶಿವಶರಣ ಕಾಗದ ಮುಂದೆ ಸರಿಸಿದ. ಸೂಚನೆ ಮುಟ್ಟಿತ್ತು, ನಾವು ಬರಲಿಲ್ಲ, ಎಂದು ಮರಾಠಿಯಲ್ಲಿ ಎರಡು ಸಾಲು. ಯಮನವ್ವನ ಹೆಬ್ಬೆರಳು ಇಂಕಿನ ಪ್ಯಾಡಿಗೆ ಒತ್ತಿ, ನೀಲಿಯಾಗಿ ಮೇಲೆದ್ದಿತು.

ದಾಕ್ಷಾಯಣಿಯ ಕುರ್ಚಿ ಹಿಂದಕ್ಕೆ ಉರುಳಿತು.

‘ಹಚ್ಚಬ್ಯಾಡ್ರಿ ಯಕ್ಕಾ.’ ಸಂತೆಯವರೆಲ್ಲ ಬಲ್ಲ ಅದೇ ದನಿ. ‘ನಿಮಗ ಫೋನ ಬಂದಿಲ್ಲ. ಎರಡ ತಿಂಗಳಿಂದ ಯಾರಿಗೂ ಹೋಗಿಲ್ರಿ. ನನ್ನ ದನಿ ನಿಂತದ್ದು ನನಗ ಚಲೋ ಅನಿಸಿತ್ತು, ಅದಕ್ಕ ಯಾಕ ನಿಂತೈತಿ ಅಂತ ನಾ ನೋಡಲಿಲ್ಲ.’